ಫ್ರಾನ್ಸಿನ ಪ್ರಧಾನಿಗೆ ಹ್ಯೂಸ್ಟನ್ನಿನಲ್ಲಿ ಗಂಧದ ಹಾರ

ಜನವರಿ 9, ಗುರುವಾರ. ಪ್ರಾಸ್ಪರ್, ಟೆಕ್ಸಸ್

ಐದನೆಯ ಅಧ್ಯಾಯ ವಾಪಸ್ ಬಂದಿದೆ. ಎಂಬತ್ತಾರು ಪುಟ. ಆಸ್ಟಿನ್‌ನ ನನ್ನ ಗೈಡ್ ಮೇಡಂ ಎಂಬತ್ತೈದು ಪುಟಗಳಲ್ಲಿ ಒಂದು ಗುರುತನ್ನೂ ಹಾಕದೆ ಕೊನೆಯ ಪುಟದಲ್ಲಿ ಮಾತ್ರ ಒಂದು ಸಾಲು ಬರೆದಿದ್ದಾರೆ: ‘ನೀವು ಈ ಮನುಷ್ಯನ ಚರಿತ್ರೆ ಬರೆಯುತ್ತಿಲ್ಲ, ಅವನ ಪರ ವಕಾಲತ್ತು ಮಾಡುತ್ತಿದ್ದೀರಿ.’ ಓದಿದಾಗ ಮೈಯೆಲ್ಲ ಉರಿಯಿತು. ಐವತ್ತೆಂಟನೆಯ ವಯಸ್ಸಿನಲ್ಲಿ ಪಿಎಚ್‌ಡಿ ಮಾಡಹೊರಟವಳಿಗೆ ಇಷ್ಟಾದರೂ ಮರ್ಯಾದೆ ಬೇಡವೇ?

ಯಾರೇ ಕೇಳಿದರೂ ನಾನು ಒಪ್ಪಿಸುವ ಪಾಠವನ್ನು ಇಲ್ಲಿಯೂ ಬರೆದಿಡುತ್ತೇನೆ. ಆಂದ್ರೆ ತಾರ್ದ್ಯೂ. ಮೊದಲು ಪ್ಯಾರಿಸ್ಸಿನ ಪತ್ರಕರ್ತ. ಆತನ ಅಂಕಣಕ್ಕೆ ಎಷ್ಟು ತೂಕ ಇತ್ತೆಂದರೆ, ಯೂರೋಪಿನಲ್ಲಿ ಆರು ಮಹಾಶಕ್ತಿಗಳಿವೆ, ಏಳನೆಯದು ಈತ ಎಂದು ಜರ್ಮನಿಯ ಚಾನ್ಸೆಲರ್ ಒಬ್ಬರು ಹೇಳಿದರೆಂದು ಪ್ರತೀತಿ. ಆಮೇಲೆ ರಾಜಕಾರಣಿ, ಸಂಪ್ರದಾಯವಾದಿ ಪಕ್ಷಗಳ ನಾಯಕ. ಎರಡು ಮಹಾಯುದ್ಧಗಳ ನಡುವೆ ಮೂರು ಸಲ ಫ್ರಾನ್ಸಿನ ಪ್ರಧಾನಿ. ಹಳ್ಳಿಗಳಿಗೆ ಕರೆಂಟು, ರಸ್ತೆ, ಶಾಲೆ ಎಂದು ಯೋಜನೆ ಹಾಕಿದ. ಪಾರ್ಲಿಮೆಂಟಿನ ರೀತಿಯೇ ಬದಲಾಗಬೇಕು, ಹೆಂಗಸರಿಗೂ ಓಟು ಕೊಡಬೇಕು ಎಂದ. ಯಾರೂ ಕೇಳಲಿಲ್ಲ. 1936ರಲ್ಲಿ ಇನ್ನು ಚುನಾವಣೆಗೆ ನಿಲ್ಲುವುದಿಲ್ಲ ಎಂದು ಎದ್ದು ಹೋಗಿಬಿಟ್ಟ. ಆ ಎದ್ದು ಹೋದದ್ದೇ ನನ್ನ ಐದನೆಯ ಅಧ್ಯಾಯ. ಆತನ ಬದುಕಿನಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗವೂ ಅದೇ. ಮಾತಿಗೆ ಬೆಲೆಯಿಲ್ಲದ ಕಡೆ ಮಾನವಂತರು ಕೂರುವುದಿಲ್ಲ.

ಯೂನಿವರ್ಸಿಟಿಯವರು ಕಡೆಯ ದಿನವನ್ನೂ ತಿಳಿಸಿದ್ದಾರೆ. ಏಪ್ರಿಲ್ 17ರೊಳಗೆ ವೈವಾ ಮುಗಿಯದಿದ್ದರೆ ನನ್ನ ನೋಂದಣಿ ರದ್ದು, ಆರು ವರ್ಷದ ಕೆಲಸ ನೀರಿಗೆ. ಅಕ್ಟೋಬರಿನಲ್ಲಿ ಒಮ್ಮೆ ತಾಲೀಮು ವೈವಾ ಮಾಡಿದ್ದರು. ಒಬ್ಬ ಪ್ರೊಫೆಸರ್ ನನ್ನ ಮಾತಿನ ಮಧ್ಯೆ ನಕ್ಕರು. ನಾನು ಪೇಪರು ಜೋಡಿಸಿಕೊಂಡು ಎದ್ದು ಬಂದೆ. ಈಗ ಎಲ್ಲರೂ ಅದನ್ನೇ ಹಿಡಿದುಕೊಂಡಿದ್ದಾರೆ.

ಜನವರಿ 14, ಮಂಗಳವಾರ

ಸಂಕ್ರಾಂತಿ. ಎಳ್ಳು ಬೆಲ್ಲ ಹಂಚಲು ನಾಲ್ಕು ಮನೆಗೆ ಹೋಗಿ ಒಳ್ಳೆಯ ಮಾತನಾಡಿ ಬಂದೆ. ಮನೆಗೆ ಬಂದು ಗೈಡಿಗೆ ರಾಜೀನಾಮೆಯ ಮೇಲ್ ಬರೆದೆ. ಬಹಳ ಚೆನ್ನಾಗಿ ಬಂತು, ಮೂರನೆಯ ಪ್ಯಾರಾ ಅಂತೂ ಖಡಕ್ಕಾಗಿದೆ. ಕಳಿಸಿಲ್ಲ, ಡ್ರಾಫ್ಟಿನಲ್ಲಿದೆ. ಒಂದೆರಡು ದಿನ ಬಿಟ್ಟು ಇನ್ನೂ ಸ್ವಲ್ಪ ತಿದ್ದಿ ಕಳಿಸೋಣ.

ಜನವರಿ 25, ಶನಿವಾರ

ಹ್ಯೂಸ್ಟನ್ನಿನಿಂದ ಡಾಕ್ಟರ್ ಪ್ರಭಂಜನ ಫೋನ್ ಮಾಡಿದ್ದರು. ಧಾರವಾಡದ ಕಡೆಯವರು, ಹೃದಯದ ವೈದ್ಯರು, ಅಲ್ಲಿನ ಕನ್ನಡ ಸಂಘದ ಅಧ್ಯಕ್ಷರು.

‘ಮೇಡಂ, ಡಲ್ಲಾಸು, ಆಸ್ಟಿನ್ನು, ನಾವು, ಮೂರೂ ಊರಿನ ಸಂಘ ಕೂಡಿ ಸಾಹಿತ್ಯ ದಿನ ಮಾಡ್ಲಿಕತ್ತೀವ್ರಿ. ಮಾರ್ಚ್ ಎಂಟಕ್ಕ. ನೀವು ಬಂದು ಮಾತಾಡಬೇಕ್ರಿ.’

ನಾಲ್ಕು ವರ್ಷದ ಹಿಂದೆ ಡಲ್ಲಾಸ್ ಸಂಘದ ಕಮಿಟಿಗೆ ರಾಜೀನಾಮೆ ಕೊಟ್ಟು ಬಂದವಳು ನಾನು. ಅರ್ಧ ಗಂಟೆಯ ನನ್ನ ಭಾಷಣವನ್ನು, ಯಾವುದೋ ಹಿಂದಿ ಹಾಡಿನ ಡ್ಯಾನ್ಸಿಗೆ ಜಾಗ ಮಾಡಲು, ಏಳು ನಿಮಿಷಕ್ಕೆ ಇಳಿಸಿದ್ದರು. ಅದಕ್ಕೇ ಬಿಗಿಯಾಗಿಯೇ ಹೇಳಿದೆ, ‘ನಾನು ಓದ್ತಾ ಇರೋದು ಒಬ್ಬ ಫ್ರೆಂಚ್ ಮನುಷ್ಯನ ಬಗ್ಗೆ, ಪ್ರಭಂಜನ ಅವರೆ. ನಿಮ್ಮ ಸಭೆಗೆ ಅದು ಹೊಂದಲ್ಲ.’

‘ಅದ ಬೇಕ್ರಿ ಮೇಡಂ. ಹೊರಗಿನ ಮಂದಿ ಎಷ್ಟು ಮಾಡ್ಯಾರ ಅಂತ ನಮ್ಮ ಹುಡುಗರಿಗೆ ಗೊತ್ತ ಇಲ್ಲ.’

ದೊಡ್ಡ ಮನಸ್ಸು ಎಂದುಕೊಂಡೆ. ವಿಚಾರ ಮಾಡಿ ಹೇಳುತ್ತೇನೆ ಎಂದು ಫೋನ್ ಇಟ್ಟೆ. ಇವರು ಪೇಪರಿನಿಂದ ತಲೆ ಎತ್ತದೆ, ‘ಹೋಗೋಣ ಬಿಡು, ಊಟ ಚೆನ್ನಾಗಿರತ್ತೆ’ ಎಂದರು. ಮೂವತ್ತೆರಡು ವರ್ಷ ಸಂಸಾರ ಮಾಡಿದ ಚಂದ್ರಮೋಹನರಿಗೆ ಯಾವ ಮಾತು ಬಂದರೂ ಕೊನೆಗೆ ಊಟಕ್ಕೇ ಬಂದು ನಿಲ್ಲಬೇಕು.

ಫೆಬ್ರವರಿ 6, ಗುರುವಾರ. ಫ್ಲೂಗರ್‌ವಿಲ್

ಬೆಳಿಗ್ಗೆ ಆರಕ್ಕೆ ಪ್ರಾಸ್ಪರ್ ಬಿಟ್ಟು ಆಸ್ಟಿನ್ ತಲುಪುವಾಗ ಹತ್ತೂವರೆ. ಗೈಡ್ ಮೇಡಂ ಜಗಳಕ್ಕೆ ಸಿದ್ಧರಾಗಿ ಕುಳಿತಿರಲಿಲ್ಲ, ಅದೇ ನನಗೆ ಬೇಸರ. ಟೀ ಕೊಟ್ಟು ಕೇಳಿದರು, ‘ಈತನ ಬಗ್ಗೆ ಏನೂ ಗೊತ್ತಿಲ್ಲದವರ ಮುಂದೆ ಎಂದಾದರೂ ಮಾತಾಡಿದ್ದೀರಾ?’ ಇಲ್ಲ ಎಂದೆ. ‘ಮಾತಾಡಿ. ಗೊತ್ತಿರುವವರು ನಿಮ್ಮ ಅಡಿಟಿಪ್ಪಣಿ ನೋಡುತ್ತಾರೆ. ಗೊತ್ತಿಲ್ಲದವರು ಆ ಮನುಷ್ಯನನ್ನು ನೋಡುತ್ತಾರೆ.’ ಒಳ್ಳೆಯ ಮಾತೇ. ಅವರು ಹೇಳಿದ್ದು ಎಂಬ ಒಂದೇ ಕಾರಣಕ್ಕೆ ಒಪ್ಪಲು ಕಷ್ಟವಾಯಿತು.

ರಾತ್ರಿಗೆ ಆಸ್ಟಿನ್ ಪಕ್ಕದಲ್ಲೇ ಇರುವ ಅನಘಾಳ ಮನೆಯಲ್ಲಿ ಉಳಿದಿದ್ದೇನೆ. ಮಗಳು ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲಿಯೇ ಉತ್ತರ ಕೊಡುವವಳು. ಅನ್ನ ಕಲಸುತ್ತ, ನಾನು ಬಿಟ್ಟು ಬಂದದ್ದನ್ನೆಲ್ಲ ಬೆರಳು ಮಡಚಿ ಎಣಿಸಿದಳು. ಸಂಗೀತದ ಕ್ಲಾಸು, ದೇವಸ್ಥಾನದ ಅಡುಗೆಮನೆಯ ಸೇವೆ, ಸಂಘದ ಕಮಿಟಿ, ಅಕ್ಟೋಬರಿನ ವೈವಾ. ‘ಮೈಸೂರಿಂದೂ ಸೇರಿಸಿಕೋ’ ಎಂದೆ ನಾನೇ, ಧಿಮಾಕಿನಿಂದ. ಮೈಸೂರಿನಲ್ಲಿ ಎಂ.ಎ. ಮುಗಿಸಿ ಇದೇ ತಾರ್ದ್ಯೂ ಮೇಲೆ ಪಿಎಚ್‌ಡಿಗೆ ಸೇರಿದ್ದೆ. ಅಲ್ಲಿನ ಗೈಡು, ಈ ಫ್ರೆಂಚ್ ಹುಚ್ಚು ಬಿಟ್ಟು ಮೈಸೂರು ದಿವಾನರ ಮೇಲೆ ಮಾಡಮ್ಮ ಎಂದರು. ನಾನು ಅರ್ಜಿಯನ್ನೇ ವಾಪಸ್ ಪಡೆದೆ. ಅಲ್ಲಿಗೆ ಐದಾಯಿತು. ಅನಘಾ ಐದನೆಯ ಬೆರಳನ್ನೂ ಮಡಚಿ ಮುಷ್ಟಿಯನ್ನು ನನ್ನ ಮುಂದೆ ಹಿಡಿದು ನಕ್ಕಳು. ನಗಲಿ. ನಾನು ಬಿಟ್ಟದ್ದೆಲ್ಲ ಕಾರಣವಿದ್ದೇ ಬಿಟ್ಟದ್ದು. ನಮ್ಮ ತಾರ್ದ್ಯೂಗೂ ಕಾರಣವಿತ್ತು.

ಪ್ರಭಂಜನರಿಗೆ ಬರುತ್ತೇನೆ ಎಂದು ಮೆಸೇಜ್ ಹಾಕಿದೆ. ತಾರ್ದ್ಯೂ ಫೋಟೋ ಒಂದು ಕಳಿಸಿ ಎಂದರು, ಕಳಿಸಿದೆ.

ಫೆಬ್ರವರಿ 20, ಗುರುವಾರ

ಹದಿನಾಲ್ಕು ದಿನದಲ್ಲಿ ಎರಡು ಪುಟ. ಡ್ರಾಫ್ಟಿನಲ್ಲಿರುವ ಮೇಲ್ ಮಾತ್ರ ದಿನದಿನಕ್ಕೆ ಸೊಗಸಾಗುತ್ತಿದೆ.

ಮಾರ್ಚ್ 8, ಶನಿವಾರ. ಹ್ಯೂಸ್ಟನ್

ಇಂದಿನದನ್ನು ಮೊದಲಿನಿಂದ ಬರೆಯಬೇಕು. ಇಲ್ಲದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ಹನ್ನೊಂದು ಗಂಟೆಗೆ ದೇವಸ್ಥಾನದ ಹಾಲ್ ತಲುಪಿದೆವು. ಬಾಗಿಲಲ್ಲಿ ರಂಗೋಲಿ, ಒಳಗೆ ಮುನ್ನೂರು ಜನ. ಇವರನ್ನು ಯಾರೋ ಬಿಸಿಬೇಳೆಬಾತಿನ ಟ್ರೇ ತರಲು ಪಕ್ಕದ ಶುಗರ್‌ಲ್ಯಾಂಡಿಗೆ ಕರೆದರು, ಇವರು ಹಿಗ್ಗಿನಿಂದ ನಮ್ಮ ಕಾರಿನಲ್ಲೇ ಹೋದರು. ನಾನು ವೇದಿಕೆಯ ಕಡೆ ನೋಡಿದೆ.

ವೇದಿಕೆಯ ಎಡಕ್ಕೆ ಮೇಜು. ಮೇಜಿನ ಮೇಲೆ ಜರಿ ಶಲ್ಯ, ಶಲ್ಯದ ಮೇಲೆ ಕಟ್ಟು ಹಾಕಿಸಿದ ದೊಡ್ಡ ಫೋಟೋ. ಫೋಟೋದಲ್ಲಿ ನಮ್ಮ ತಾರ್ದ್ಯೂ, ಗಟ್ಟಿ ಕಾಲರು, ಮೂಗಿಗೆ ಸಿಕ್ಕಿಸಿದ ಕನ್ನಡಕ, ಯಾರನ್ನೂ ಲೆಕ್ಕಕ್ಕೆ ಇಡದ ನೋಟ. ಕೊರಳಿಗೆ ಗಂಧದ ಹಾರ. ಹಣೆಗೆ ಕುಂಕುಮ. ಮುಂದೆ ಎರಡು ಊದುಬತ್ತಿ, ದೀಪ. ಹಿಂದಿನ ಬ್ಯಾನರಿನಲ್ಲಿ ಇಷ್ಟಿಷ್ಟು ದೊಡ್ಡ ಅಕ್ಷರ: ‘ಕನ್ನಡಕ್ಕಾಗಿ ಬಾಳು ಸವೆಸಿದ ಫ್ರೆಂಚ್ ಮಹನೀಯ. ವಿಶೇಷ ಉಪನ್ಯಾಸ: ಶ್ರೀಮತಿ ಕೃಷ್ಣವೇಣಿ.’

ಆಗ ಹೊಳೆಯಿತು. ಕನ್ನಡ ಸಂಘದಲ್ಲಿ ಒಬ್ಬ ಬಿಳಿಯನ ಹೆಸರು ಬಂದರೆ ಆತ ನಿಘಂಟು ಮಾಡಿದವನೋ ಶಾಸನ ಓದಿದವನೋ ಆಗಿರಲೇಬೇಕು ಎಂಬುದು ನಮ್ಮವರ ಗಟ್ಟಿ ನಂಬಿಕೆ. ಪ್ರಭಂಜನ ಕೇಳಲಿಲ್ಲ, ನಾನು ಹೇಳಲಿಲ್ಲ.

ಅವರನ್ನು ಪಕ್ಕಕ್ಕೆ ಕರೆದು ವಿಷಯ ತಿಳಿಸಿದೆ. ಪಾಪ, ಹೃದಯದ ಡಾಕ್ಟರಿಗೆ ಹೃದಯವೇ ನಿಂತಂತಾಯಿತು. ‘ಅಂದ್ರ... ಇವ್ರು ಕನ್ನಡಕ್ಕ ಏನೂ ಮಾಡಿಲ್ಲೇನ್ರಿ?’

‘ಏನೂ ಮಾಡಿಲ್ಲ.’

‘ಸ್ವಲ್ಪರೆ?’

ನಾನು ಹೊರಗೆ ಬಂದೆ. ಮನೆಗೆ ಹೋಗಿಬಿಡುವುದೇ ಸರಿ ಎಂದು ನಿಶ್ಚಯಿಸಿ ಪಾರ್ಕಿಂಗ್ ಲಾಟ್ ಎಲ್ಲ ಸುತ್ತಿದೆ. ಕಾರು ಎಲ್ಲಿದೆ, ಬಿಸಿಬೇಳೆಬಾತಿನ ಹಿಂದೆ ಹೋಗಿದೆ. ಫೋನ್ ಮಾಡಿದರೆ ಇವರು, ‘ಇನ್ನೂ ಹಪ್ಪಳ ಕರೀತಾ ಇದಾರೆ, ಅರ್ಧ ಗಂಟೆ ಆಗತ್ತೆ’ ಎಂದರು. ಬಿಸಿಲಿನಲ್ಲಿ ಎಷ್ಟು ಹೊತ್ತು ನಿಲ್ಲುವುದು? ಒಳಗೆ ಬಂದೆ. ಪ್ರಾರ್ಥನೆ ಮುಗಿದು ನನ್ನ ಹೆಸರು ಕರೆದರು.

ಮೈಕ್ ಹಿಡಿದು ಹೇಳಿದೆ: ‘ಈ ಮಹನೀಯರು ಕನ್ನಡಕ್ಕೆ ಏನೂ ಮಾಡಿಲ್ಲ. ಕನ್ನಡ ಅಂತ ಒಂದು ಭಾಷೆ ಇದೆ ಅನ್ನೋದಾದ್ರೂ ಅವರಿಗೆ ಗೊತ್ತಿತ್ತೋ ಇಲ್ವೋ, ಆರು ವರ್ಷ ಓದಿದ ನನಗೂ ತಿಳಿದಿಲ್ಲ. ತಪ್ಪು ಪ್ರಭಂಜನ ಅವರದ್ದಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ಹಾರ ಹಾಕಿ ಆಗಿದೆ, ಅವರು ಬೇಡ ಅನ್ನಲಿಲ್ಲ. ಊಟಕ್ಕೆ ಇನ್ನೂ ಸಮಯ ಇದೆ. ಕೇಳೋದಾದ್ರೆ ಇವರ ಕಥೆ ಹೇಳ್ತೀನಿ.’

ಹಾಲ್ ಪೂರ್ತಿ ನಕ್ಕಿತು. ಆ ನಗು ನನಗೆ ಚುಚ್ಚಲಿಲ್ಲ, ನಾನೂ ನಕ್ಕೆ. ಮುಂದಿನ ಸಾಲಿನವರು, ಹೇಳಿ ಮೇಡಂ ಎಂದರು.

ನಲವತ್ತೈದು ನಿಮಿಷ ಮಾತಾಡಿದೆ, ಒಂದು ಚೀಟಿಯನ್ನೂ ನೋಡಲಿಲ್ಲ. ಪ್ರವೇಶ ಪರೀಕ್ಷೆಯಲ್ಲಿ ಮೊದಲನೆಯವನಾಗಿ ಬಂದು ಆ ಕಾಲೇಜಿಗೇ ಹೋಗದೆ ಇದ್ದದ್ದು, ಮೊದಲ ಯುದ್ಧದಲ್ಲಿ ಫ್ರಾನ್ಸಿನ ಪರವಾಗಿ ಇದೇ ಅಮೆರಿಕಕ್ಕೆ ಬಂದು ವ್ಯವಹಾರ ಕುದುರಿಸಿದ್ದು, ಪ್ರಧಾನಿಯಾದದ್ದು, ಬಿದ್ದದ್ದು, ಮತ್ತೆ ಆದದ್ದು. ಸರ್ಕಾರಗಳು ಎದ್ದು ಬೀಳುವ ಕಥೆಗೆ ನಮ್ಮ ಕರ್ನಾಟಕದವರಿಗಿಂತ ಒಳ್ಳೆಯ ಕೇಳುಗರು ಎಲ್ಲಿ ಸಿಗಬೇಕು? ಎದ್ದು ಹೋದ ಪ್ರಸಂಗವನ್ನು ಕೊನೆಗೆ ಇಟ್ಟುಕೊಂಡು ಚೆನ್ನಾಗಿಯೇ ಹೇಳಿದೆ. ಚಪ್ಪಾಳೆ ಬಿತ್ತು. ಚಪ್ಪಾಳೆ ನಿಲ್ಲದಿದ್ದರೆ ಸಾಕು ಅನ್ನಿಸುವಷ್ಟು ಸಂತೋಷವಾಯಿತು.

ಆಗ ಮೊದಲ ಸಾಲಿನಲ್ಲಿದ್ದ ಪ್ರಭಂಜನರ ತಾಯಿ ಸುಶೀಲಮ್ಮ ಕೈ ಎತ್ತಿದರು. ಎಂಬತ್ತೆರಡು ವರ್ಷ, ಮಗನ ಮನೆಗೆ ಬಂದು ಮೂರು ತಿಂಗಳಾಗಿದೆಯಂತೆ.

‘ತಂಗಿ, ಛಲೋ ಹೇಳಿದಿ. ನಂದೊಂದು ಪ್ರಶ್ನಿ ಅದ. ಇಷ್ಟು ಶಾಣ್ಯಾ ಮನಷ್ಯಾ. ದೇಶಕ್ಕ ಕೆಟ್ಟ ದಿನ ಬರ್ತಾವಂತ ಅವಗ ಮೊದಲ ಗೊತ್ತಿತ್ತು ಅಂದಿ. ಗೊತ್ತಿದ್ದಾಂವನ ಎದ್ದು ಹೋದ್ರ, ಗೊತ್ತಿಲ್ಲದವರ ಗತಿ ಏನವಾ?’

ಏನೋ ಹೇಳಿದೆ. ತತ್ವ, ಆತ್ಮಗೌರವ ಎಂದೆಲ್ಲ. ಸುಶೀಲಮ್ಮ ಒಪ್ಪಿದವರಂತೆ ತಲೆಯಾಡಿಸಿದರು, ಆದರೆ ಒಪ್ಪಿರಲಿಲ್ಲ. ಅಷ್ಟರಲ್ಲಿ ಹಪ್ಪಳ ಬಂತು.

ಮಾರ್ಚ್ 9, ಭಾನುವಾರ

ಐ-45 ಹೆದ್ದಾರಿಯಲ್ಲಿ ನಾಲ್ಕೂವರೆ ಗಂಟೆ. ಇವರು ಡ್ರೈವ್ ಮಾಡುತ್ತ ನಿನ್ನೆಯ ಊಟ ವರ್ಣಿಸುತ್ತಿದ್ದರು. ನಾನು ಸುಶೀಲಮ್ಮನಿಗೆ ಉತ್ತರ ಹುಡುಕುತ್ತಿದ್ದೆ. ಹತ್ತು ಉತ್ತರ ಹೊಳೆದವು, ಹತ್ತೂ ವಕೀಲನ ಉತ್ತರಗಳು.

ಮಾರ್ಚ್ 15, ಶನಿವಾರ

ಎದ್ದು ಹೋದ ಮೇಲೆ ಆತ ಬರೆದ ಲೇಖನಗಳನ್ನು ಸಾಲಾಗಿ ಇಟ್ಟುಕೊಂಡು ಮತ್ತೆ ಓದಿದೆ. ಮೊದಲು ಓದಿದಾಗ ಸಿಂಹ ಗರ್ಜಿಸಿದ ಹಾಗಿತ್ತು. ಈ ಸಲ, ಖಾಲಿ ಮನೆಯಲ್ಲಿ ಯಾರೋ ಒಬ್ಬರೇ ಮಾತನಾಡಿಕೊಂಡ ಹಾಗೆ ಕೇಳಿತು. ಮಾತು ಸರಿಯಾಗಿಯೇ ಇದೆ, ಆದರೆ ತಿದ್ದಬೇಕಾದವರು ಆ ಮನೆಯಲ್ಲಿಲ್ಲ. ವಾರ ವಾರಕ್ಕೆ ಭಾಷೆ ಕಹಿಯಾಗುತ್ತ ಹೋಗುತ್ತದೆ. ತುಂಬ ಬೇಜಾರಾಯಿತು, ನನ್ನದೇ ಯಾರೋ ಹಿರಿಯರು ಹಟ ಮಾಡಿಕೊಂಡು ಕೂತಂತೆ.

ಕೋಪದಲ್ಲಿ ಕುಯ್ದ ಮೂಗು ಶಾಂತವಾದ ಮೇಲೆ ಬಾರದು ಎನ್ನುತ್ತಾರೆ. ಪಾರ್ಲಿಮೆಂಟಿನ ಮೇಲಿನ ಕೋಪಕ್ಕೆ ತಾರ್ದ್ಯೂ ಕುಯ್ದುಕೊಂಡದ್ದು ತನ್ನ ಮೂಗನ್ನೇ. ಇದನ್ನು ಇಂಗ್ಲಿಷಿನಲ್ಲಿ, ಅಡಿಟಿಪ್ಪಣಿ ಸಮೇತ ಬರೆಯಬೇಕು. ಎಂಬತ್ತಾರು ಪುಟಗಳಲ್ಲಿ ನಲವತ್ತನ್ನು ತೆಗೆದುಹಾಕಿದೆ.

ಮಾರ್ಚ್ 23, ಭಾನುವಾರ

ಬರೆಯುತ್ತಿದ್ದೇನೆ. ಅಡುಗೆ ಇವರದ್ದು. ನಾಲ್ಕು ದಿನದಿಂದ ಟೊಮೆಟೊ ಸಾರೇ. ಗೈಡಿಗೆ ಮೂವತ್ತು ಪುಟ ಕಳಿಸಿದೆ. ಅಂಚಿನ ತುಂಬ ಕೆಂಪು ಗುರುತು ಹಾಕಿ ಕಳಿಸಿದ್ದಾರೆ. ಹಾಕಿದಷ್ಟೂ ಸರಿಯಾಗಿವೆ.

ಮಾರ್ಚ್ 29, ಶನಿವಾರ

ಡಲ್ಲಾಸ್ ಸಂಘದ ಯುಗಾದಿ. ಹ್ಯೂಸ್ಟನ್ನಿನ ಕಥೆ ಇಲ್ಲಿಗೂ ಬಂದು ಮುಟ್ಟಿದೆ, ಎಲ್ಲರಿಗೂ ಕುಂಕುಮದ ಪ್ರಧಾನಿಯ ಕಥೆ ಬೇಕು. ಇಪ್ಪತ್ತು ನಿಮಿಷ ಎಂದಿದ್ದರು. ವೇದಿಕೆ ಹತ್ತುವಾಗ ಕಾರ್ಯದರ್ಶಿ ಪ್ರಶಾಂತ್ ಓಡಿ ಬಂದು, ‘ಆಂಟಿ, ಸಾರಿ, ಮಕ್ಕಳ ಡ್ಯಾನ್ಸ್ ಲೇಟ್ ಆಯ್ತು, ಏಳು ನಿಮಿಷದಲ್ಲಿ ಮುಗಿಸ್ತೀರಾ?’ ಎಂದ. ಮುಖ ಬಿಳಿಚಿಕೊಂಡಿತ್ತು, ಹಳೆಯ ಸಂಗತಿ ಯಾರೋ ಹೇಳಿರಬೇಕು.

ಆರೂವರೆ ನಿಮಿಷದಲ್ಲಿ ಮುಗಿಸಿದೆ. ಏಳು ನಿಮಿಷಕ್ಕೆ ಇಳಿಸಿದರೆ ಆ ಕಥೆ ಇನ್ನೂ ಚೆನ್ನಾಗಿದೆ, ಬೇಡದ್ದೆಲ್ಲ ಉದುರುತ್ತದೆ. ಪ್ರಬಂಧದ ಮುನ್ನುಡಿಗೂ ಹೀಗೇ ಕತ್ತರಿ ಹಾಕಬೇಕು. ಹೋಳಿಗೆ ಸುಮಾರಾಗಿತ್ತು. ಸಂಘದ ಸಂಚಿಕೆಯ ಸಂಪಾದಕ ಮಂಡಳಿಗೆ ಒಬ್ಬರು ಬೇಕು ಎಂದರು, ಏಪ್ರಿಲ್ ಕಳೆಯಲಿ ಎಂದಿದ್ದೇನೆ.

ಏಪ್ರಿಲ್ 16, ಬುಧವಾರ. ಫ್ಲೂಗರ್‌ವಿಲ್

ನಾಳೆ ವೈವಾ. ಮೇಲ್ ಪೆಟ್ಟಿಗೆ ಚೊಕ್ಕ ಮಾಡುವಾಗ ಡ್ರಾಫ್ಟಿನಲ್ಲಿ ಒಂದು ಹಳೆಯ ಕಾಗದ ಸಿಕ್ಕಿತು. ಎರಡು ಸಾಲು ಓದಿ ಅಳಿಸಿದೆ. ಭಾಷೆ ಬಹಳ ಭಾರವಾಗಿತ್ತು.

ಏಪ್ರಿಲ್ 17, ಗುರುವಾರ. ಫ್ಲೂಗರ್‌ವಿಲ್

ಸಂಜೆ ಐದು ಗಂಟೆ. ಅನಘಾ ಹೊರಗೆ ಯಾರು ಯಾರಿಗೋ ಫೋನ್ ಮಾಡುತ್ತಿದ್ದಾಳೆ, ಇವರು ಸೋಫಾದ ಮೇಲೆ ಕಣ್ಣುಮುಚ್ಚಿ ನಗುತ್ತ ಮಲಗಿದ್ದಾರೆ. ನಾನು ಬರೆಯಲು ಕೂತಿದ್ದೇನೆ.

ಮಧ್ಯಾಹ್ನ ಒಂದಕ್ಕೆ ಶುರು. ಉದ್ದ ಮೇಜು, ಐದು ಜನ ಪ್ರೊಫೆಸರುಗಳು. ಗೋಡೆಯ ಪಕ್ಕದ ಕುರ್ಚಿಗಳಲ್ಲಿ ಇವರು, ಅನಘಾ. ನಾನು ಮೈಸೂರು ರೇಷ್ಮೆ ಉಟ್ಟಿದ್ದೆ. ಅಕ್ಟೋಬರಿನಲ್ಲಿ ನಕ್ಕಿದ್ದ ಪ್ರೊಫೆಸರ್ ನನ್ನ ಎದುರಿಗೇ ಕುಳಿತಿದ್ದರು, ಕೈಯಲ್ಲಿ ನನ್ನ ಪ್ರಬಂಧ, ಪ್ರಬಂಧದಲ್ಲಿ ಇಪ್ಪತ್ತಾದರೂ ಹಳದಿ ಚೀಟಿಗಳು.

ಮೊದಲ ಒಂದು ಗಂಟೆ ನನ್ನದಾಗಿತ್ತು. ಕೇಳಿದ್ದಕ್ಕೆಲ್ಲ ಹೇಳಿದೆ. ಫ್ರೆಂಚಿನಲ್ಲಿ ಕೇಳಿದ್ದಕ್ಕೆ ಫ್ರೆಂಚಿನಲ್ಲಿಯೇ ಹೇಳಿದೆ, ನನ್ನ ಮೈಸೂರಿನ ಉಚ್ಚಾರಣೆಯಲ್ಲಿ. ಯಾರಿಗೂ ತೊಂದರೆಯಾಗಲಿಲ್ಲ. ಆಮೇಲೆ ಆ ಪ್ರೊಫೆಸರ್ ಚೀಟಿ ತೆರೆದರು.

‘ನಿಮ್ಮ ಮೊದಲ ಅಧ್ಯಾಯವನ್ನೂ ಐದನೆಯದನ್ನೂ ಒಬ್ಬರೇ ಬರೆದ ಹಾಗೆ ಕಾಣುವುದಿಲ್ಲ. ಮೊದಲನೆಯದರಲ್ಲಿ ಈತ ದೇವರು. ಐದನೆಯದರಲ್ಲಿ, ತನ್ನ ಕೆಲಸ ಅರ್ಧಕ್ಕೆ ಬಿಟ್ಟ ಮನುಷ್ಯ. ಎರಡೂ ನಿಜವಾಗಲು ಸಾಧ್ಯವಿಲ್ಲ. ಮೊದಲನೆಯದು ಸರಿಯಿಲ್ಲ ಎಂದು ನನಗೆ ಅನ್ನಿಸುತ್ತದೆ.’ ಹೇಳಿ, ಮತ್ತೆ ನಕ್ಕರು. ಅದೇ ನಗು.

ಗೈಡ್ ಮೇಡಂ ತಮ್ಮ ಟೀ ಕಪ್ ನೋಡುತ್ತಿದ್ದರು. ಇವರು ಕಾರಿನ ಕೀಲಿ ಹುಡುಕಲು ಜೇಬಿಗೆ ಕೈ ಹಾಕಿದ್ದರಂತೆ, ಆಮೇಲೆ ಹೇಳಿದರು.

‘ಯಾವ ಪುಟ?’ ಎಂದು ಕೇಳಿ ನಾನು ಪೆನ್ನು ತೆಗೆದೆ.

ಅವರು ಪುಟ ಹೇಳಿದರು, ಹದಿನಾಲ್ಕು. ನೋಡಿದೆ. ಅವರು ಹೇಳಿದ್ದು ಸರಿಯಾಗಿತ್ತು. ಸರಿ ಎಂದೆ, ಅಂಚಿನಲ್ಲಿ ಗುರುತು ಹಾಕಿಕೊಂಡೆ. ಇಪ್ಪತ್ತೊಂದು ಎಂದರು. ಅದು ಸರಿಯಿರಲಿಲ್ಲ. ಯಾಕೆ ಸರಿಯಿಲ್ಲ ಎಂದು ಹತ್ತು ನಿಮಿಷ ವಾದ ಮಾಡಿದೆ. ಅವರು ಪತ್ರಗಳ ಆಧಾರ ಕೊಟ್ಟರು, ನಾನು ಪಾರ್ಲಿಮೆಂಟಿನ ನಡಾವಳಿ ಕೊಟ್ಟೆ. ಅವರ ನಗು ಎಲ್ಲಿ ಹೋಯಿತೋ, ಮುಂದಕ್ಕೆ ಬಾಗಿ ಕುಳಿತರು. ಮನುಷ್ಯ ಕೆಟ್ಟವರಲ್ಲ. ತನಗೆ ಕುತೂಹಲ ಹುಟ್ಟಿದಾಗ ನಗುವ ಅಭ್ಯಾಸ ಅಷ್ಟೆ, ನನ್ನ ಸೋದರಮಾವನಿಗೂ ಇತ್ತು. ಹೀಗೆ ಇಪ್ಪತ್ತು ಚೀಟಿಗಳನ್ನೂ ದಾಟಿದೆವು. ಎಂಟು ಅವರದ್ದು, ಹನ್ನೆರಡು ನನ್ನದು. ಇನ್ನೂ ಚೀಟಿಗಳಿದ್ದರೆ ಚೆನ್ನಾಗಿತ್ತು ಎಂದು ನನಗೆ ನಿಜವಾಗಿಯೂ ಅನ್ನಿಸಿತು.

ಕೊನೆಗೆ ಗೈಡ್ ಮೇಡಂ, ‘ಕೃಷ್ಣವೇಣಿ, ನಾವು ಚರ್ಚೆ ಮಾಡಬೇಕು. ದಯವಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗುತ್ತೀರಾ?’ ಎಂದರು. ಇಲ್ಲಿನ ಪದ್ಧತಿ ಅದು, ನನಗೂ ಗೊತ್ತು. ಆದರೂ ಕಸಿವಿಸಿಯಾಯಿತು. ಎದ್ದು ಹೋಗು ಎಂದು ಈತನಕ ನನಗೆ ಯಾರೂ ಹೇಳಿರಲಿಲ್ಲ.

ಕಾರಿಡಾರಿನಲ್ಲಿ ಮೂವರೂ ನಿಂತೆವು. ಐದು ನಿಮಿಷ, ಹತ್ತು ನಿಮಿಷ. ‘ಅಮ್ಮ, ಕೂತ್ಕೋ’ ಎಂದಳು ಅನಘಾ, ಕನ್ನಡದಲ್ಲಿ. ಇವರು, ‘ಹೊಟ್ಟೆ ಹಸೀತಿದೆಯಾ?’ ಎಂದರು. ನಾನು ಕೂರಲಿಲ್ಲ. ಬಾಗಿಲ ಹಿಂದೆ ಧ್ವನಿಗಳು ಏರುತ್ತಿದ್ದವು, ಇಳಿಯುತ್ತಿದ್ದವು. ಆ ಮರದ ಬಾಗಿಲನ್ನು ಬಿಟ್ಟು ನನಗೆ ಬೇರೇನೂ ಕಾಣುತ್ತಿರಲಿಲ್ಲ. ಫೇಲ್ ಮಾಡಿದರೂ ಸರಿಯೇ, ಯಾವ ಪುಟದಲ್ಲಿ ಎಂದು ಕೇಳದೆ ಇಲ್ಲಿಂದ ಕದಲುವುದಿಲ್ಲ ಎಂದುಕೊಂಡೆ.

ಹದಿನಾಲ್ಕು ನಿಮಿಷಕ್ಕೆ ಬಾಗಿಲು ತೆರೆಯಿತು. ಗೈಡ್ ಮೇಡಂ ಹೊರಗೆ ಬರಲಿಲ್ಲ. ಬಾಗಿಲನ್ನು ಪೂರ್ತಿ ತೆಗೆದು ಹಿಡಿದುಕೊಂಡು ಅಲ್ಲಿಯೇ ನಿಂತರು. ಅವರ ಹಿಂದೆ ಉಳಿದ ನಾಲ್ವರೂ ಎದ್ದು ನಿಂತಿದ್ದರು.

‘ಬನ್ನಿ, ಡಾಕ್ಟರ್ ಕೃಷ್ಣವೇಣಿ. ಒಳಗೆ ಬನ್ನಿ’ ಎಂದರು.

ಇವರ ಕೈಗೆ ನನ್ನ ಬ್ಯಾಗ್ ಕೊಟ್ಟು ನಾನು ಒಳಗೆ ಹೋದೆ.